ಕಿರಿಯ ಮೆಗೆಲನ್ ಮೋಡ ಮತ್ತು ವಿಶ್ವದ ಅಳತೆ

ಬೆಂಗಳೂರಿನಿಂದ ನೋಡಿದರೆ ಕಿರಿಯ ಮೆಗೆಲನ್ ಮೋಡ ದಕ್ಷಿಣ ದಿಗಂತದಿಂದ ನಾಲ್ಕು ಡಿಗ್ರಿಯಷ್ಟೇ ಮೇಲೇರುತ್ತದೆ. ದೂಳು, ದೀಪಗಳ ನಡುವೆ ಅದು ಕಣ್ಣಿಗೆ ಬೀಳುವುದು ಕಷ್ಟ. ಚಿಲಿ, ಆಸ್ಟ್ರೇಲಿಯದ ಕತ್ತಲ ಬಯಲುಗಳಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಗೊತ್ತಾದ ಆಕಾರವಿಲ್ಲದ ಈ ಕುಬ್ಜ ಗೆಲಾಕ್ಸಿ ಸುಮಾರು 2 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಕ್ಷೀರಪಥದಾಚೆಗಿನ ದೂರಗಳನ್ನು ಅಳೆಯುವ ದಾರಿ ತೆರೆದದ್ದು ಇಲ್ಲಿಂದಲೇ.

ಹಾರ್ವರ್ಡ್ ವೀಕ್ಷಣಾಲಯ ಪೆರುವಿನ ಅರೆಕಿಪಾದಲ್ಲಿ ದೂರದರ್ಶಕ ನೆಟ್ಟು ದಕ್ಷಿಣದ ಆಕಾಶವನ್ನು ಗಾಜಿನ ಪ್ಲೇಟುಗಳ ಮೇಲೆ ಸೆರೆಹಿಡಿಯುತ್ತಿತ್ತು. ಆ ಪ್ಲೇಟುಗಳನ್ನು ಪರಿಶೀಲಿಸುತ್ತಿದ್ದವರು ಹೆನ್ರಿಯೆಟಾ ಲೆವಿಟ್. ಗಂಟೆಗೆ 30 ಸೆಂಟ್ ಕೂಲಿ. ಒಂದು ರಾತ್ರಿಯ ನೆಗೆಟಿವ್ ಮೇಲೆ ಇನ್ನೊಂದು ರಾತ್ರಿಯ ಪಾಸಿಟಿವ್ ಇಟ್ಟು ನೋಡುವುದು: ಬದಲಾಗದ ನಕ್ಷತ್ರದ ಕಪ್ಪು, ಬಿಳಿ ಚುಕ್ಕೆಗಳು ಒಂದನ್ನೊಂದು ಮುಚ್ಚಿಕೊಳ್ಳುತ್ತವೆ, ಬೆಳಕು ಏರಿಳಿದ ನಕ್ಷತ್ರ ಅಂಚಿನಲ್ಲಿ ಸಿಕ್ಕಿಬೀಳುತ್ತದೆ. 1908ರಲ್ಲಿ ಅವರು ಹಿರಿಯ, ಕಿರಿಯ ಎರಡೂ ಮೆಗೆಲನ್ ಮೋಡಗಳ 1,777 ಚಂಚಲ ನಕ್ಷತ್ರಗಳ ಪಟ್ಟಿ ಪ್ರಕಟಿಸಿದರು.

1912ರ ಹೊತ್ತಿಗೆ ಕಿರಿಯ ಮೋಡದಲ್ಲಿ ನಿಯಮಿತವಾಗಿ ಬೆಳಕು ಏರಿಳಿಯುವ 25 ಸೆಫೀಡ್ ನಕ್ಷತ್ರಗಳ ಲೆಕ್ಕ ಕೈಗೆ ಬಂದಿತ್ತು. ಬೆಳಕು ಒಮ್ಮೆ ಏರಿ ಇಳಿಯಲು ಒಂದಕ್ಕೆ ಒಂದೂಕಾಲು ದಿನ ಸಾಕು, ಇನ್ನೊಂದಕ್ಕೆ 127 ದಿನ ಬೇಕು. ಹೆಚ್ಚು ಪ್ರಕಾಶದವುಗಳ ಅವಧಿಯೇ ಹೆಚ್ಚು. ಎಲ್ಲವೂ ಒಂದೇ ಮೋಡದಲ್ಲಿರುವುದರಿಂದ ನಮ್ಮಿಂದ ಹೆಚ್ಚುಕಮ್ಮಿ ಒಂದೇ ದೂರದಲ್ಲಿವೆ, ಹಾಗಾಗಿ ಈ ವ್ಯತ್ಯಾಸ ನಕ್ಷತ್ರಗಳ ಸ್ವಂತ ಬೆಳಕಿನದೇ ಎಂದು ಲೆವಿಟ್ ಗುರುತಿಸಿದರು. ಅವಧಿ ತಿಳಿದರೆ ನಿಜವಾದ ಪ್ರಕಾಶ, ಅದನ್ನು ನಮಗೆ ಕಾಣುವ ಬೆಳಕಿನೊಂದಿಗೆ ಹೋಲಿಸಿದರೆ ದೂರ. ಇಷ್ಟು ದೊಡ್ಡ ಮಾತನ್ನು ಹೇಳಿದ ಸುತ್ತೋಲೆಗೆ ಸಹಿ ಮಾತ್ರ ನಿರ್ದೇಶಕ ಪಿಕರಿಂಗ್ ಅವರದು. ಲೆವಿಟ್ ಸಿದ್ಧಪಡಿಸಿದ್ದು ಎಂದು ಒಳಗೆ ಒಂದು ಸಾಲು. ಅದು ಸಾಲದು ಎಂದೇ ನನ್ನ ಅಭಿಪ್ರಾಯ.

ಲೆವಿಟ್ 1921ರಲ್ಲಿ ತೀರಿಕೊಂಡರು. ಎರಡು ವರ್ಷದ ಬಳಿಕ ಖಗೋಳವಿಜ್ಞಾನಿ ಎಡ್ವಿನ್ ಹಬಲ್ ಆಂಡ್ರೊಮಿಡಾ ಎಂಬ ಮಸುಕು ಬೆಳಕಿನ ಮಚ್ಚೆಯಲ್ಲಿ ಸೆಫೀಡ್ ಕಂಡುಹಿಡಿದು, ಅದೇ ಸೂತ್ರ ಹಚ್ಚಿ, ಆ ಮಚ್ಚೆ ಬೇರೆಯದೇ ಗೆಲಾಕ್ಸಿ ಎಂದು ತೋರಿಸಿದರು. ಸೆಫೀಡ್‌ಗಳಲ್ಲಿ ಎರಡು ಬಗೆಯಿವೆ ಎಂದು 1952ರಲ್ಲಿ ವಾಲ್ಟರ್ ಬಾಡೆ ತೋರಿಸಿದಾಗ ಗೆಲಾಕ್ಸಿಗಳ ದೂರದ ಲೆಕ್ಕ ಎರಡರಷ್ಟಾಯಿತು.

'ಒಂದೇ ದೂರ' ಎಂಬ ಊಹೆ ಪೂರ್ತಿ ನಿಜವಲ್ಲ. ಹಿರಿಯ ಮೋಡದ ಸೆಳೆತಕ್ಕೆ ಸಿಕ್ಕ ಕಿರಿಯ ಮೋಡ ನಮ್ಮ ನೋಟದ ದಿಕ್ಕಿನಲ್ಲಿ ಉದ್ದಕ್ಕೆ ಎಳೆದುಕೊಂಡಿದೆ. ಹಾಗಿದ್ದೂ ನಿಯಮ ಉಳಿದದ್ದೇಕೆಂದರೆ, ಆ ಆಳದಿಂದ ಆಗುವ ಬೆಳಕಿನ ವ್ಯತ್ಯಾಸ ಸೆಫೀಡ್‌ಗಳ ಸ್ವಂತ ಬೆಳಕಿನ ವ್ಯತ್ಯಾಸಕ್ಕಿಂತ ಬಹಳ ಸಣ್ಣದು. ಈಚಿನ ರೇಡಿಯೊ ವೀಕ್ಷಣೆಗಳ ಪ್ರಕಾರ ನಾವು ಒಂದೇ ಎಂದುಕೊಂಡ ಮೋಡದಲ್ಲಿ ಒಂದರ ಹಿಂದೊಂದು ಎರಡು ಅನಿಲ ರಾಶಿಗಳಿವೆ. ಅವುಗಳ ನಡುವಿನ ಅಂತರ ಸುಮಾರು 16 ಸಾವಿರ ಜ್ಯೋತಿರ್ವರ್ಷ.