ಮಲಗುವ ಹೊತ್ತಿಗೆ ಯಾವ ಪುಸ್ತಕ ಓದಿ ಹೇಳಲಿ?

ಪ್ರಶ್ನೆ: ಮಗಳಿಗೆ 5 ವರ್ಷ, ಮಗನಿಗೆ 8. ರಾತ್ರಿ ಇಬ್ಬರಿಗೂ ಒಟ್ಟಿಗೇ ಓದಿ ಹೇಳುತ್ತೇನೆ. ಎಲ್ಲರೂ ಹೊಗಳುವ ಹಳೆಯ ಪುಸ್ತಕವೊಂದನ್ನು ತಂದೆ; ಎರಡು ಪುಟ ಮುಗಿಯುವಷ್ಟರಲ್ಲಿ ಇಬ್ಬರೂ ಹೊರಳಾಡತೊಡಗಿದರು. ಕ್ಲಾಸಿಕ್ ಎನ್ನಿಸಿಕೊಂಡವುಗಳಲ್ಲಿ ಮಲಗುವ ಹೊತ್ತಿಗೆ ಒಗ್ಗುವಂಥದ್ದನ್ನು ಹೇಗೆ ಆರಿಸಬೇಕು?

ಉತ್ತರ: ಹೆಸರು ನೋಡಿ ಆರಿಸಬೇಡಿ, ಬಾಯಿಬಿಟ್ಟು ಓದಿ ಆರಿಸಿ. ಪುಸ್ತಕದ ನಡುವಿನ ಯಾವುದಾದರೂ ಪುಟ ತೆರೆಯಿರಿ. ಮೊದಲ ಪುಟ ಬೇಡ, ಅದನ್ನು ಎಲ್ಲ ಲೇಖಕರೂ ತಿದ್ದಿ ತೀಡಿರುತ್ತಾರೆ. ಆ ಪುಟವನ್ನು ಮಕ್ಕಳಿಗೆ ಓದುವ ದನಿಯಲ್ಲೇ ಓದಿ. ಎಲ್ಲಿ ಉಸಿರು ಸಾಲದಾಯಿತು, ಯಾವ ವಾಕ್ಯಕ್ಕೆ ಹಿಂದೆ ಹೋಗಬೇಕಾಯಿತು ಎಂದು ಗಮನಿಸಿ. ಒಂದು ಪುಟದಲ್ಲಿ ಮೂರು ಸಲ ಎಡವಿದರೆ ಆ ಪುಸ್ತಕವನ್ನು ಹಗಲಿಗೆ ಇಟ್ಟುಕೊಳ್ಳಿ. ಅನುವಾದವಾದರೆ ಈ ಪರೀಕ್ಷೆ ಇನ್ನೂ ಅಗತ್ಯ. ಒಂದೇ ಕಥೆಯ ಎರಡು ಅನುವಾದಗಳು ಸಿಕ್ಕರೆ ‘ಓಡುತ್ತಿರುವುದನ್ನು ಕಂಡವನಾಗಿ’ ಎಂದು ಬರೆದದ್ದನ್ನು ಬಿಟ್ಟು ‘ಓಡುವುದನ್ನು ನೋಡಿದ’ ಎಂದು ಬರೆದದ್ದನ್ನು ಎತ್ತಿಕೊಳ್ಳಿ.

ಹಳೆಯ ಪುಸ್ತಕಗಳಲ್ಲಿ ಕೆಲವು ಹುಟ್ಟಿದ್ದೇ ಬಾಯಲ್ಲಿ. ನಾನು ಮೊದಲು ಕೈಹಾಕುವುದು ಅಂಥವಕ್ಕೆ. ರಡ್ಯಾರ್ಡ್ ಕಿಪ್ಲಿಂಗ್ ಅವರ ‘ಜಸ್ಟ್ ಸೋ ಸ್ಟೋರೀಸ್’ ಎಂಬ ಹೆಸರಿನ ಹಿಂದೆಯೇ ಒಂದು ಮಗುವಿದೆ. ಮಗಳು ಜೋಸೆಫೀನ್‌ಳನ್ನು ಮಲಗಿಸಲು ಅವರು ಹೇಳುತ್ತಿದ್ದ ಕಥೆಗಳಲ್ಲಿ ಒಂದು ಪದವೂ ಅತ್ತಿತ್ತ ಆಗುವಂತಿರಲಿಲ್ಲ. ಹಾಗೇನಾದರೂ ಆದರೆ ಅವಳು ಎಚ್ಚೆತ್ತು, ತಪ್ಪಿದ ಮಾತನ್ನು ತಾನೇ ಸರಿಮಾಡುತ್ತಿದ್ದಳು. ‘ಜಸ್ಟ್ ಸೋ’ ಎಂದರೆ ಇದೇ: ಹೇಳುವುದಾದರೆ ಹೀಗೇ ಹೇಳಬೇಕು, ಅಷ್ಟೇ. 1902ರಲ್ಲಿ ಪುಸ್ತಕ ಬರುವಾಗ ಜೋಸೆಫೀನ್ ಇರಲಿಲ್ಲ. 1899ರಲ್ಲಿ, 6ನೇ ವಯಸ್ಸಿಗೆ ತೀರಿಕೊಂಡಿದ್ದಳು. ಇದು ಗೊತ್ತಾದ ಮೇಲೆ, ಕಥೆಯ ನಡುನಡುವೆ ಅವರು ಕೇಳುವ ಮಗುವನ್ನು ಮುದ್ದಿನಿಂದ ಕರೆಯುವ ಕಡೆಯಲ್ಲೆಲ್ಲ ನನ್ನ ದನಿ ತಾನಾಗಿಯೇ ತಗ್ಗುತ್ತದೆ. ಆನೆಮರಿಯ ಕಥೆಯಿಂದ ಶುರುಮಾಡಿ. ಲಿಂಪೊಪೊ ನದಿ ಬಂದಾಗಲೆಲ್ಲ ಅದರ ಬಣ್ಣನೆಯ ಅದೇ ಸಾಲು ಮತ್ತೆ ಬರುತ್ತದೆ. ಮೂರನೇ ಸಲಕ್ಕೆ ನಿಮ್ಮ ಮಗಳು ನಿಮಗಿಂತ ಮುಂಚೆ ಅದನ್ನು ಹೇಳಿಬಿಡಬಹುದು.

ಕೆನೆತ್ ಗ್ರಹಾಂ ಅವರ ‘ದ ವಿಂಡ್ ಇನ್ ದ ವಿಲೋಸ್’ (1908) ಕೂಡ ಮಗನಿಗೆ ಮಲಗುವ ಹೊತ್ತಿನಲ್ಲಿ ಹೇಳಿದ ಕಥೆಗಳಿಂದಲೇ ಬೆಳೆದದ್ದು. ಆದರೆ ಪುಸ್ತಕವಾಗುವಾಗ ಅದಕ್ಕೆ ನದಿ, ಕಾಡು, ಋತುಗಳ ದೀರ್ಘ ವರ್ಣನೆ ಸೇರಿತು. ಅದರ 12 ಅಧ್ಯಾಯಗಳಲ್ಲಿ ಯಾವುದೂ ಒಂದು ರಾತ್ರಿಗೆ ಸುಲಭವಾಗಿ ಮುಗಿಯುವಂಥದ್ದಲ್ಲ. 8 ವರ್ಷದವನು ಕೇಳಿಯಾನು, 5 ವರ್ಷದವಳಿಗೆ ಇನ್ನೆರಡು ವರ್ಷ ಹೋಗಲಿ.

ಅಧ್ಯಾಯ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹೆಚ್ಚಿನವರು ನೋಡುವುದೇ ಇಲ್ಲ. ನಿದ್ದೆಯ ಮಟ್ಟಿಗೆ ಅದರಷ್ಟು ಮುಖ್ಯವಾದದ್ದು ಬೇರೊಂದಿಲ್ಲ. ಎ. ಎ. ಮಿಲ್ನ್ ಅವರ ‘ವಿನ್ನಿ ದ ಪೂ’ದಲ್ಲಿ (1926) 10 ಅಧ್ಯಾಯಗಳು, ಒಂದೊಂದೂ ಒಂದು ಇಡೀ ಕಥೆ. ಓದಿದಿರಿ, ಮುಗಿಯಿತು, ದೀಪ ಆರಿಸಿದಿರಿ. ಮರದ ಬೊಂಬೆಯೊಂದರ ಕಥೆ ‘ಪಿನೋಕಿಯೋ’ ಇದಕ್ಕೆ ತದ್ವಿರುದ್ಧ. ಕಾರ್ಲೋ ಕೊಲೋದಿ ಅದನ್ನು 1881ರಿಂದ ಮಕ್ಕಳ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರೆದರು. ಮೊದಲು ಅವರು ಕಥೆ ನಿಲ್ಲಿಸಿದ್ದು ಬೊಂಬೆಯನ್ನು ಮರಕ್ಕೆ ನೇಣುಹಾಕಿದಲ್ಲಿ; ಮುಂದುವರಿಸಿದ್ದು ಆಮೇಲೆ. ಅಲ್ಲಿ ಎಷ್ಟೋ ಅಧ್ಯಾಯಗಳು ‘ಮುಂದೇನು?’ ಎಂಬಲ್ಲೇ ಕೊನೆಯಾಗುತ್ತವೆ. ಹಾಗಿದ್ದಾಗ ಅಧ್ಯಾಯದ ಕೊನೆಯಲ್ಲಿ ಪುಸ್ತಕ ಮುಚ್ಚಬೇಡಿ. ಮುಂದಿನದರ ಒಂದೆರಡು ಪುಟ ಓದಿ, ಗಂಡಾಂತರ ಕಳೆದು ಎಲ್ಲರೂ ಸ್ವಲ್ಪ ಉಸಿರುಬಿಟ್ಟಲ್ಲಿ ನಿಲ್ಲಿಸಿ. ಮಕ್ಕಳೂ ಅಲ್ಲೇ ಉಸಿರುಬಿಡುತ್ತಾರೆ.

ಸಾವು ಬರುವ ಪುಸ್ತಕಗಳನ್ನು ದೂರ ಇಡಬೇಕೆಂದು ನನಗೆ ಅನ್ನಿಸಿಲ್ಲ. ಇ. ಬಿ. ವೈಟ್ ಅವರ ‘ಷಾರ್ಲಟ್ಸ್ ವೆಬ್’ (1952) ಶುರುವಾಗುವುದೇ ಹಂದಿಮರಿಯೊಂದನ್ನು ಕೊಲ್ಲಬೇಕೇ ಎಂಬ ಜಗಳದಿಂದ. ಕೊನೆಗೆ ಜೇಡ ಷಾರ್ಲಟ್ ಸಾಯುತ್ತಾಳೆ, ಅದೂ ಯಾರೂ ಜೊತೆಗಿಲ್ಲದೆ. ಅದು 22 ಅಧ್ಯಾಯಗಳಲ್ಲಿ 21ನೆಯದು. ಆ ಮಾತಿಗೆ ಪುಸ್ತಕ ಮುಚ್ಚಿದರೆ ಮಗು ಕತ್ತಲಲ್ಲಿ ಅದನ್ನೇ ಇಟ್ಟುಕೊಂಡು ಮಲಗಬೇಕಾಗುತ್ತದೆ. ಕೊನೆಯ ಎರಡು ಅಧ್ಯಾಯಗಳನ್ನು ಒಂದೇ ಸಲಕ್ಕೆ ಓದಿ. 22ರಲ್ಲಿ ವಸಂತ ಬರುತ್ತದೆ, ಅವಳ ಮೊಟ್ಟೆಗಳು ಒಡೆದು ಮರಿಗಳು ಹೊರಬರುತ್ತವೆ. ಅಂದು ಅರ್ಧ ಗಂಟೆ ಬೇಗ ಶುರುಮಾಡಿ. ಅಳು ಬಂದರೆ ಅಳಲಿ, ಪ್ರಶ್ನೆ ಬಂದರೆ ಕೂತು ಉತ್ತರ ಕೊಡಿ.

ಓದುತ್ತ ಓದುತ್ತ ಮಾತು ಬದಲಿಸಬಹುದೇ ಎಂದೂ ನೀವು ಕೇಳಬಹುದು. ಜರ್ಮನಿಯ ಜನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರೇ ತಮ್ಮ ಕಥೆಗಳನ್ನು ತಿದ್ದುತ್ತ ಹೋದವರು. 1812ರ ಮೊದಲ ಆವೃತ್ತಿಯಲ್ಲಿ ಅಣ್ಣ ತಂಗಿ ಹ್ಯಾನ್ಸೆಲ್, ಗ್ರೆಟೆಲ್‌ರನ್ನು ಕಾಡಿನಲ್ಲಿ ಬಿಟ್ಟುಬರೋಣ ಎನ್ನುವವಳು ಹೆತ್ತ ತಾಯಿ. ಮುಂದೆ ಅವಳನ್ನು ಮಲತಾಯಿ ಮಾಡಿದರು. ನೀವೂ ತೊಡಕಿನ ವಾಕ್ಯವನ್ನು ಮುರಿಯಿರಿ, ಇಂದಿಗೆ ಸಲ್ಲದ ಹೀಯಾಳಿಕೆಯ ಮಾತನ್ನು ಬಿಡಿ. ಆದರೆ ಮೊದಲ ರಾತ್ರಿಯೇ ಬಿಡಿ, ಎಲ್ಲಿ ಬಿಟ್ಟಿರೆಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಎರಡನೇ ಸಲಕ್ಕೆ ಕಥೆ ಮಕ್ಕಳದ್ದಾಗಿರುತ್ತದೆ. ಆಮೇಲೆ ಬದಲಿಸಿದರೆ ಜೋಸೆಫೀನ್‌ಳಂತೆ ಎದ್ದು ಕೂರುತ್ತಾರೆ.

ಇನ್ನು ಇಬ್ಬರ ವಯಸ್ಸಿನ ಅಂತರ. ಮಕ್ಕಳು ತಾವೇ ಓದಬಲ್ಲದ್ದಕ್ಕಿಂತ ಕಷ್ಟದ ಕಥೆಯನ್ನು ಕೇಳಿ ಗ್ರಹಿಸುತ್ತಾರೆ. ಹಾಗಾಗಿ ಅಣ್ಣನಿಗೆ ಹಿಡಿಸುವ ಕಥೆಯನ್ನು ಮೊದಲು ಓದಿ, ತಂಗಿ ನಡುವೆ ನಿದ್ದೆಹೋದರೆ ಹೋಗಲಿ. ಎಚ್ಚರವಿದ್ದರೆ ಕೊನೆಗೆ ಅವಳದ್ದೊಂದು ಪುಟ್ಟ ಪುಸ್ತಕ. ಮಾರ್ಗರೆಟ್ ವೈಸ್ ಬ್ರೌನ್ ಅವರ ‘ಗುಡ್‌ನೈಟ್ ಮೂನ್’ (1947) ಸುಮಾರು 130 ಪದಗಳದ್ದು. ಕ್ಲೆಮೆಂಟ್ ಹರ್ಡ್ ಬರೆದ ಚಿತ್ರಗಳಲ್ಲಿ ಪುಟ ತಿರುವಿದಂತೆ ಕೋಣೆ ಮೆಲ್ಲಮೆಲ್ಲನೆ ಕತ್ತಲಾಗುತ್ತ ಬರುತ್ತದೆ. 8 ವರ್ಷದವನು ಅದು ಪಾಪುಗಳ ಪುಸ್ತಕ ಎನ್ನಬಹುದು. ಎಂದರೂ ಕಣ್ಣು ಮುಚ್ಚಿಕೊಂಡು ಕೇಳುತ್ತಿರುತ್ತಾನೆ.