ವಲಸೆಯ ಜಗಳಕ್ಕೆ ಭದ್ರತೆಯ ದುಡ್ಡು ಯಾಕೆ ನಿಲ್ಲುತ್ತದೆ? ಮಗಳ ಎಚ್‌-1ಬಿ ಕೂಡ ನಿಲ್ಲುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿ ವಲಸಿಗರ ವಿಷಯಕ್ಕೆ ಎರಡು ಪಕ್ಷಗಳು ಕಿತ್ತಾಡಿದಾಗಲೆಲ್ಲ ‘ಭದ್ರತಾ ಇಲಾಖೆಗೆ ದುಡ್ಡಿಲ್ಲ’, ‘ಸರ್ಕಾರ ಬಂದ್‌’ ಎಂಬ ಸುದ್ದಿ ಬರುತ್ತದೆ. ನನ್ನ ಮಗಳು ಎಚ್‌-1ಬಿ ವೀಸಾದಲ್ಲಿ ಅಲ್ಲಿದ್ದಾಳೆ. ದುಡ್ಡು ನಿಂತರೆ ಅವಳ ವೀಸಾ ಕೆಲಸವೂ ನಿಂತುಬಿಡುತ್ತದಾ?

ಮೊದಲು ಸಮಾಧಾನದ ಮಾತು ಹೇಳಿಬಿಡುತ್ತೇನೆ. ವೀಸಾ ಕೆಲಸದ ಬಹುಪಾಲು ನಿಲ್ಲುವುದಿಲ್ಲ. ಸಿಕ್ಕಿಕೊಳ್ಳುವ ಜಾಗ ಒಂದೇ ಒಂದಿದೆ, ಅದನ್ನು ಕೊನೆಗೆ ಹೇಳುತ್ತೇನೆ. ಆದರೆ ಯಾಕೆ ನಿಲ್ಲುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಈ ಇಡೀ ಜಗಳದ ಒಳಗುಟ್ಟೇ ಗೊತ್ತಾಗುತ್ತದೆ. ಹಾಗಾಗಿ ಸ್ವಲ್ಪ ಹಿಂದಿನಿಂದ ಬರೋಣ.

ಅಮೆರಿಕದಲ್ಲಿ ಸಂಸತ್ತು ಕಾನೂನು ಮಾಡಿ ಒಪ್ಪದೆ ಖಜಾನೆಯಿಂದ ಒಂದು ಡಾಲರ್‌ ಕೂಡ ತೆಗೆಯುವಂತಿಲ್ಲ. ಅವರ ಸಂವಿಧಾನದಲ್ಲೇ ಹಾಗೆ ಬರೆದಿದೆ. ಅಲ್ಲಿ ಹಣಕಾಸು ವರ್ಷ ಅಕ್ಟೋಬರ್‌ 1ಕ್ಕೆ ಶುರು. ಅಷ್ಟರೊಳಗೆ 12 ಅನುದಾನ ಮಸೂದೆಗಳು ಪಾಸಾಗಬೇಕು. ಪ್ರತಿನಿಧಿ ಸಭೆ ಒಪ್ಪಬೇಕು, ಸೆನೆಟ್‌ ಒಪ್ಪಬೇಕು, ಅಧ್ಯಕ್ಷರು ಸಹಿ ಹಾಕಬೇಕು. ಸೆನೆಟ್‌ನಲ್ಲಿ 100 ಜನ ಇದ್ದಾರೆ. ಚರ್ಚೆ ಮುಗಿಸಿ ಮತಕ್ಕೆ ಹಾಕುವುದಕ್ಕೇ 60 ಜನ ಬೇಕು. ಹೀಗಾಗಿ ಯಾವ ಪಕ್ಷಕ್ಕೆ ಬಹುಮತ ಇದ್ದರೂ ಎದುರು ಪಕ್ಷದ ಕೆಲವರ ಕೈ ಹಿಡಿಯಲೇಬೇಕು. ಆ ಕೆಲವರು ‘ನಮ್ಮ ಮಾತು ನಡೆಸಿಕೊಡಿ, ಆಮೇಲೆ ದುಡ್ಡು’ ಎಂದು ಪಟ್ಟು ಹಿಡಿಯುವುದು ಇಲ್ಲೇ.

ನಮ್ಮಲ್ಲಿ ಹೀಗೆ ಯಾಕಾಗಲ್ಲ ಅಂತ ಅನ್ನಿಸಬಹುದು. ಲೋಕಸಭೆಯಲ್ಲಿ ಬಜೆಟ್‌ ಬಿದ್ದರೆ ಸರ್ಕಾರವೇ ಬಿದ್ದಂತೆ. ರಾಜ್ಯಸಭೆ ಹಣಕಾಸು ಮಸೂದೆಯನ್ನು ಹೆಚ್ಚೆಂದರೆ 14 ದಿನ ಇಟ್ಟುಕೊಳ್ಳಬಹುದು, ತಡೆಯುವಂತಿಲ್ಲ. ಚುನಾವಣೆ ಬಂದರೆ ಲೇಖಾನುದಾನ ಪಡೆದು ಸಂಬಳ ಕೊಡುತ್ತಾರೆ. ಅಮೆರಿಕದಲ್ಲಿ ಬಜೆಟ್‌ ಬಿದ್ದರೂ ಅಧ್ಯಕ್ಷರು ನಾಲ್ಕು ವರ್ಷ ಇದ್ದೇ ಇರುತ್ತಾರೆ. ಸರ್ಕಾರ ಬೀಳುವುದಿಲ್ಲ, ಸಂಬಳ ನಿಲ್ಲುತ್ತದೆ.

ಇನ್ನು ಆಂತರಿಕ ಭದ್ರತಾ ಇಲಾಖೆಯ ಮಾತು. 2001ರ ಸೆಪ್ಟೆಂಬರ್‌ 11ರ ದಾಳಿ ಆದಮೇಲೆ, 2002ರ ಕಾನೂನಿನಂತೆ 22 ಸಂಸ್ಥೆಗಳನ್ನು ಒಂದೇ ಸೂರಿನಡಿ ತಂದು ಇದನ್ನು ಕಟ್ಟಿದರು. 2003ರಲ್ಲಿ ಕೆಲಸ ಶುರುವಾಯಿತು. ಗಡಿ ಕಾಯುವವರು, ವಿಮಾನ ನಿಲ್ದಾಣದಲ್ಲಿ ಬ್ಯಾಗ್‌ ತಪಾಸಣೆ ಮಾಡುವವರು, ಕರಾವಳಿ ಪಡೆ, ಪ್ರವಾಹ-ಚಂಡಮಾರುತಕ್ಕೆ ಓಡಿ ಬರುವವರು, ಅಧ್ಯಕ್ಷರ ಅಂಗರಕ್ಷಕರು ಎಲ್ಲ ಇದರಲ್ಲೇ. ಹಳೆಯ ವಲಸೆ ಇಲಾಖೆಯನ್ನೂ ಒಡೆದು ಇದರೊಳಗೇ ಹಾಕಿದರು. ಗಡೀಪಾರು ಮಾಡುವ ಐಸಿಇ ಇಲ್ಲಿದೆ. ವೀಸಾ, ಗ್ರೀನ್‌ಕಾರ್ಡ್‌, ಪೌರತ್ವದ ಅರ್ಜಿ ನೋಡುವ ಯುಎಸ್‌ಸಿಐಎಸ್‌ ಕೂಡ ಇಲ್ಲಿದೆ. ವಲಸೆಯನ್ನೂ ಭದ್ರತೆಯನ್ನೂ ಒಂದೇ ಗಂಟಿಗೆ ಕಟ್ಟಿದ್ದು ಆಗ. ಅಂದಿನಿಂದ ವಲಸೆ ವಿಷಯದಲ್ಲಿ ಸಿಟ್ಟು ಬಂದವರು ಎಳೆಯುವುದು ಈ ಇಲಾಖೆಯ ಅನುದಾನದ ಹಗ್ಗವನ್ನೇ.

2015ರ ಕಥೆ ನೋಡಿ. ಹಿಂದಿನ ವರ್ಷ ನವೆಂಬರ್‌ 20ರಂದು ಅಧ್ಯಕ್ಷ ಒಬಾಮಾ ಒಂದು ಘೋಷಣೆ ಮಾಡಿದ್ದರು. ದಾಖಲೆ ಇಲ್ಲದೆ ಅಲ್ಲಿ ಬದುಕುತ್ತಿದ್ದ ಸುಮಾರು 50 ಲಕ್ಷ ಜನರಿಗೆ ಗಡೀಪಾರಿನ ಭಯ ಇಲ್ಲದೆ ಕೆಲಸ ಮಾಡುವ ಅವಕಾಶ ಕೊಡುವ ಯೋಜನೆ ಅದು. ಸಂಸತ್ತನ್ನು ಬದಿಗಿಟ್ಟು ಹೀಗೆ ಮಾಡಿದ್ದು ತಪ್ಪು ಎಂದು ರಿಪಬ್ಲಿಕನ್ನರು ರೇಗಿದರು. ಅವರ ಆಕ್ಷೇಪದಲ್ಲಿ ಹುರುಳಿತ್ತು ಎಂದೇ ನನ್ನ ಅನಿಸಿಕೆ. ಅಷ್ಟು ದೊಡ್ಡ ತೀರ್ಮಾನ ಕಾನೂನಾಗಿ ಬಂದಿದ್ದರೆ ಚೆನ್ನಾಗಿತ್ತು. ಆದರೆ ಅವರು ಆರಿಸಿಕೊಂಡ ದಾರಿ ನೋಡಿ. ಉಳಿದ ಇಲಾಖೆಗಳಿಗೆಲ್ಲ ಇಡೀ ವರ್ಷದ ದುಡ್ಡು ಕೊಟ್ಟು, ಆಂತರಿಕ ಭದ್ರತಾ ಇಲಾಖೆಗೆ ಮಾತ್ರ ಫೆಬ್ರುವರಿ 27ರವರೆಗೆ ಕೊಟ್ಟರು. ಆಮೇಲೆ ಸುಮಾರು 4,000 ಕೋಟಿ ಡಾಲರ್‌ ಅನುದಾನದ ಮಸೂದೆಗೆ ‘ಒಬಾಮಾ ಯೋಜನೆ ರದ್ದು’ ಎಂಬ ಷರತ್ತನ್ನು ಅಂಟಿಸಿದರು. ಸೆನೆಟ್‌ನಲ್ಲಿ ಡೆಮಾಕ್ರಟರು ಅದನ್ನು ಮತ್ತೆ ಮತ್ತೆ ತಡೆದರು.

ಈಗ ಒಳಗುಟ್ಟಿಗೆ ಬರೋಣ. ಆ ಯೋಜನೆಯನ್ನು ನಡೆಸಬೇಕಾಗಿದ್ದದ್ದು ಯುಎಸ್‌ಸಿಐಎಸ್‌. ಅದರ ಖರ್ಚಿನ ಸುಮಾರು ಶೇ. 95ರಷ್ಟು ಬರುವುದು ಅರ್ಜಿದಾರರು ಕಟ್ಟುವ ಶುಲ್ಕದಿಂದ. ಸಂಸತ್ತಿನ ಅನುದಾನದಿಂದಲ್ಲ. ಅಂದರೆ ಇಲಾಖೆಯ ದುಡ್ಡು ಪೂರ್ತಿ ನಿಂತರೂ ಅವರು ನಿಲ್ಲಿಸಬೇಕೆಂದಿದ್ದ ಕೆಲಸ ಮಾತ್ರ ನಿಲ್ಲುತ್ತಿರಲಿಲ್ಲ! ಪೆಟ್ಟು ಬೀಳುತ್ತಿದ್ದದ್ದು ಗಡಿ ಕಾಯುವವನಿಗೆ, ಬ್ಯಾಗ್‌ ತಪಾಸಣೆ ಮಾಡುವವಳಿಗೆ. ಸುಮಾರು 2 ಲಕ್ಷ ನೌಕರರು ‘ಅಗತ್ಯ ಸೇವೆ’ ಎಂಬ ಹೆಸರಿನಲ್ಲಿ ಸಂಬಳ ಇಲ್ಲದೆ ದುಡಿಯಬೇಕಾಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ ಅಲ್ವಾ?

ಗಡುವಿನ ರಾತ್ರಿ, ಮಧ್ಯರಾತ್ರಿಗೆ ಸ್ವಲ್ಪ ಮೊದಲು, ಒಂದು ವಾರದ ಮಟ್ಟಿಗೆ ದುಡ್ಡು ಕೊಟ್ಟರು. ಮಾರ್ಚ್‌ 3ರಂದು ಸ್ಪೀಕರ್‌ ಜಾನ್‌ ಬೇನರ್‌ ಷರತ್ತಿಲ್ಲದ ಮಸೂದೆಯನ್ನು ಮತಕ್ಕೆ ಹಾಕಿದರು. 257–167ರಲ್ಲಿ ಪಾಸಾಯಿತು. ಅವರ ಪಕ್ಷದ ಹೆಚ್ಚಿನವರೇ ವಿರುದ್ಧ ಮತ ಹಾಕಿದ್ದರು. ಒಬಾಮಾ ಯೋಜನೆಯನ್ನು ನಿಜವಾಗಿ ತಡೆದದ್ದು ಬೇರೆಯೇ ಜಾಗ. ಫೆಬ್ರುವರಿ 16ರಂದೇ ಟೆಕ್ಸಾಸ್‌ನ ಒಬ್ಬ ನ್ಯಾಯಾಧೀಶರು ತಡೆಯಾಜ್ಞೆ ಕೊಟ್ಟಿದ್ದರು. 2016ರಲ್ಲಿ ಸುಪ್ರೀಂ ಕೋರ್ಟ್‌ 4–4 ಆಗಿ ಇಬ್ಭಾಗವಾದಾಗ ಆ ತಡೆಯಾಜ್ಞೆಯೇ ಉಳಿಯಿತು.

ಇದರ ನಡುವೆ ಇನ್ನೊಂದು ಸಂಗತಿ ನಡೆದಿತ್ತು. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳ ಬದುಕಿಗೆ ಸಂಬಂಧಿಸಿದ್ದು. ಗಡುವಿಗೆ ಮೂರೇ ದಿನ ಇರುವಾಗ, ಫೆಬ್ರುವರಿ 24ರಂದು, ಇದೇ ಯುಎಸ್‌ಸಿಐಎಸ್‌ ಎಚ್‌-4 ನಿಯಮ ಪ್ರಕಟಿಸಿತು. ಗ್ರೀನ್‌ಕಾರ್ಡ್‌ ಸಾಲಿನಲ್ಲಿರುವ ಎಚ್‌-1ಬಿ ನೌಕರರ ಗಂಡ ಅಥವಾ ಹೆಂಡತಿಗೆ ಕೆಲಸದ ಪರವಾನಗಿ ಕೊಡುವ ನಿಯಮ. ಎಂಜಿನಿಯರಿಂಗ್‌ ಓದಿ, ಬೆಂಗಳೂರಿನಲ್ಲಿ ದುಡಿಯುತ್ತಿದ್ದು, ಮದುವೆಯಾಗಿ ಹೋದಮೇಲೆ ವರ್ಷಗಟ್ಟಲೆ ಮನೆಯಲ್ಲೇ ಕೂತವರಿಗೆ ಇದು ಎಷ್ಟು ದೊಡ್ಡದು ಎಂದು ಅವರನ್ನೇ ಕೇಳಬೇಕು. ಅತ್ತ ಸಂಸತ್ತಿನಲ್ಲಿ ಇಲಾಖೆಯ ಬಾಗಿಲು ಮುಚ್ಚುವ ಮಾತು ನಡೆಯುತ್ತಿದ್ದರೆ ಇತ್ತ ಇದು ನಡೆದೇ ಹೋಯಿತು. ಮೇ 26ರಿಂದ ಜಾರಿಗೂ ಬಂತು.

2018ರ ಡಿಸೆಂಬರ್‌ನಲ್ಲಿ ಕೈಗಳು ಬದಲಾಗಿದ್ದವು. ಈ ಸಲ ಪಟ್ಟು ಹಿಡಿದದ್ದು ಅಧ್ಯಕ್ಷ ಟ್ರಂಪ್‌. ಮೆಕ್ಸಿಕೊ ಗಡಿಯ ಗೋಡೆಗೆ 570 ಕೋಟಿ ಡಾಲರ್‌ ಕೊಡದಿದ್ದರೆ ಸಹಿ ಹಾಕುವುದಿಲ್ಲ ಎಂದರು. ಡೆಮಾಕ್ರಟರು ಒಪ್ಪಲಿಲ್ಲ. ಡಿಸೆಂಬರ್‌ 22ರಿಂದ ಜನವರಿ 25ರವರೆಗೆ, 35 ದಿನ, ಸರ್ಕಾರದ ಒಂದು ಭಾಗ ಮುಚ್ಚಿತ್ತು. ಸುಮಾರು 8 ಲಕ್ಷ ನೌಕರರಿಗೆ ಸಂಬಳ ಬರಲಿಲ್ಲ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ದಿನವೂ ಕೆಲಸಕ್ಕೆ ಹೋಗುತ್ತಿದ್ದರು. ಕರಾವಳಿ ಪಡೆಯ ಕುಟುಂಬಗಳು ದಿನಸಿಗಾಗಿ ದಾನದ ಸಾಲಿನಲ್ಲಿ ನಿಂತವು. ವಾಷಿಂಗ್ಟನ್ನಿನಲ್ಲಿ ಸರ್ಕಾರಿ ನೌಕರರಿಗೆ ಉಚಿತ ಊಟ ಬಡಿಸಿದರು. ಆ ಫೋಟೊಗಳನ್ನು ಈಗ ನೆನೆದರೂ ಬೇಜಾರಾಗುತ್ತದೆ. ದೇಶ ಕಾಯುವ ಕೆಲಸ ಮಾಡಿಸಿಕೊಂಡು ಮನೆ ಬಾಡಿಗೆಗೆ ದುಡ್ಡು ಕೊಡದಿರುವುದು ಯಾವ ಪಕ್ಷ ಮಾಡಿದರೂ ಅನ್ಯಾಯವೇ.

ಗೋಡೆಗಾಗಿ ನಡೆದ ಆ ಜಗಳದಲ್ಲಿ ಗಡಿ ಕಾಯುವವರಿಗೇ ಸಂಬಳ ನಿಂತಿತ್ತು. ಕಂಪನಿಗಳು ಹೊಸ ನೌಕರನಿಗೆ ಕೆಲಸದ ಹಕ್ಕಿದೆಯೇ ಎಂದು ಪರೀಕ್ಷಿಸುವ ಇ-ವೆರಿಫೈ ವ್ಯವಸ್ಥೆ ಬಂದ್‌ ಆಗಿತ್ತು. ವಲಸೆ ನ್ಯಾಯಾಲಯಗಳಲ್ಲಿ ಸಾವಿರಾರು ವಿಚಾರಣೆಗಳು ಮುಂದಕ್ಕೆ ಹೋದವು. ಯಾರು ಇರಬೇಕು, ಯಾರು ಹೋಗಬೇಕು ಎಂದು ತೀರ್ಮಾನಿಸುವ ಜಾಗವೇ ಅದು. ಅಲ್ಲಿ ಆಗಲೇ 8 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಬಾಕಿ ಇದ್ದವು.

ಕೊನೆಗೆ ಜಗಳ ಬಿಡಿಸಿದ್ದು ವಿಮಾನ ನಿಲ್ದಾಣಗಳು ಎನ್ನಬಹುದು. ತಪಾಸಣೆ ಸಿಬ್ಬಂದಿ ದೊಡ್ಡ ಸಂಖ್ಯೆಯಲ್ಲಿ ರಜೆ ಹಾಕತೊಡಗಿದರು. ಜನವರಿ 25ರಂದು ವಿಮಾನ ಸಂಚಾರ ನಿಯಂತ್ರಕರ ಕೊರತೆಯಿಂದ ನ್ಯೂಯಾರ್ಕ್‌ನ ಲಗಾರ್ಡಿಯಾ ನಿಲ್ದಾಣಕ್ಕೆ ಬರುವ ವಿಮಾನಗಳನ್ನು ತಡೆಯಬೇಕಾಯಿತು. ಅದೇ ದಿನ ರಾಜಿಯಾಯಿತು. ಫೆಬ್ರುವರಿಯಲ್ಲಿ ಸಂಸತ್ತು ಕೊಟ್ಟದ್ದು 137.5 ಕೋಟಿ ಡಾಲರ್‌, ಸುಮಾರು 55 ಮೈಲಿ ಬೇಲಿಗೆ. ಟ್ರಂಪ್‌ ತುರ್ತು ಪರಿಸ್ಥಿತಿ ಘೋಷಿಸಿ ಸೇನೆಯ ಕಟ್ಟಡಗಳಿಗೆ ಇಟ್ಟಿದ್ದ ದುಡ್ಡನ್ನು ಗೋಡೆಗೆ ತಿರುಗಿಸಿದರು. ಈ 35 ದಿನದಲ್ಲಿ ಅಮೆರಿಕದ ಆರ್ಥಿಕತೆಗೆ ಮತ್ತೆ ತುಂಬಲಾಗದ ನಷ್ಟ ಸುಮಾರು 300 ಕೋಟಿ ಡಾಲರ್‌ ಎಂದು ಸಂಸತ್ತಿನದೇ ಬಜೆಟ್‌ ಕಚೇರಿ ಲೆಕ್ಕ ಹಾಕಿತು. ಗೋಡೆಗೆ ಸಿಕ್ಕಿದ್ದರ ಎರಡು ಪಟ್ಟಿಗಿಂತ ಜಾಸ್ತಿ.

2025ರಲ್ಲಿ ಆಟದ ನಿಯಮವೇ ಬದಲಾಯಿತು. ಬಜೆಟ್‌ಗೆ ಸಂಬಂಧಿಸಿದ ಒಂದು ವಿಶೇಷ ವಿಧಾನ ಇದೆ, ಅದಕ್ಕೆ ಸೆನೆಟ್‌ನಲ್ಲಿ 60 ಬೇಡ, ಸರಳ ಬಹುಮತ ಸಾಕು. ಆ ದಾರಿಯಲ್ಲಿ ಜುಲೈ 4ರಂದು ಸಹಿಯಾದ ಕಾನೂನು ಗಡಿ ಮತ್ತು ಗಡೀಪಾರಿನ ಕೆಲಸಗಳಿಗೆ ಸುಮಾರು 17,000 ಕೋಟಿ ಡಾಲರ್‌ ಕೊಟ್ಟಿತು. ಗೋಡೆಗೇ 4,650 ಕೋಟಿ. ವಲಸಿಗರನ್ನು ಹಿಡಿದಿಡುವ ಕೇಂದ್ರಗಳಿಗೆ 4,500 ಕೋಟಿ. ಈ ದುಡ್ಡು ವರ್ಷ ವರ್ಷದ ಅನುದಾನಕ್ಕೆ ಕಾಯುವುದಿಲ್ಲ. ಅದೇ ಅಕ್ಟೋಬರ್‌ 1ರಿಂದ ನವೆಂಬರ್‌ 12ರವರೆಗೆ 43 ದಿನ ಸರ್ಕಾರ ಮತ್ತೆ ಮುಚ್ಚಿತು. ಆಗಿನ ಜಗಳ ಆರೋಗ್ಯ ವಿಮೆಯದ್ದು. ಐಸಿಇ ಮತ್ತು ಗಡಿ ಪಡೆಯ ಅಧಿಕಾರಿಗಳಿಗೆ ಜುಲೈನ ಆ ಕಾನೂನಿನ ದುಡ್ಡಿನಿಂದ ಸಂಬಳ ಸಿಕ್ಕಿತು. ಬ್ಯಾಗ್‌ ತಪಾಸಣೆ ಮಾಡುವವರಿಗೆ ಸಿಗಲಿಲ್ಲ. ಐಸಿಇಗೆ ಕಡಿವಾಣ ಹಾಕಬೇಕೆನ್ನುವವರು ಈಗ ಇದೇ ಹಗ್ಗ ಎಳೆದರೆ ಅದು ಐಸಿಇಗೆ ತಾಗುವುದು ಕಡಿಮೆ, ಉಳಿದವರ ಕುತ್ತಿಗೆಗೆ ಬಿಗಿಯುವುದೇ ಜಾಸ್ತಿ. 2015ರಲ್ಲಿ ರಿಪಬ್ಲಿಕನ್ನರಿಗೆ ಆದದ್ದೇ ಡೆಮಾಕ್ರಟರಿಗೂ ಆಗುತ್ತದೆ.

ಈಗ ನಿಮ್ಮ ಮಗಳ ವಿಷಯ. ಎಚ್‌-1ಬಿ ಅರ್ಜಿ, ವಿಸ್ತರಣೆ, ಎಚ್‌-4, ಗ್ರೀನ್‌ಕಾರ್ಡ್‌ ಎಲ್ಲ ಯುಎಸ್‌ಸಿಐಎಸ್‌ ಕೈಯಲ್ಲಿದೆ. ಅದು ಶುಲ್ಕದಿಂದ ನಡೆಯುತ್ತದೆ, ಹಾಗಾಗಿ ನಡೆಯುತ್ತಲೇ ಇರುತ್ತದೆ. ಚೆನ್ನೈ, ಹೈದರಾಬಾದ್‌ ಕಾನ್ಸುಲೇಟ್‌ಗಳ ವೀಸಾ ಕೆಲಸವೂ ಹೆಚ್ಚಾಗಿ ಶುಲ್ಕದಿಂದಲೇ ನಡೆಯುವುದು. ಅಲ್ಲಿ ಸುಮ್ನೆ ಗಾಬರಿ ಬೇಡ.

ಸಿಕ್ಕಿಕೊಳ್ಳುವುದು ಕಾರ್ಮಿಕ ಇಲಾಖೆಯಲ್ಲಿ. ಎಚ್‌-1ಬಿ ಅರ್ಜಿ ಹಾಕುವ ಮೊದಲು ಕಂಪನಿ ಅಲ್ಲಿಂದ ಎಲ್‌ಸಿಎ ಎಂಬ ಪತ್ರ ಪಡೆಯಬೇಕು. ನೌಕರರಿಗೆ ಆ ಊರಿನ ಸರಿಯಾದ ಸಂಬಳ ಕೊಡುತ್ತೇವೆ ಎಂಬ ಒಪ್ಪಿಗೆ ಅದು. ಈ ಕೆಲಸಕ್ಕೆ ಶುಲ್ಕ ಇಲ್ಲ, ಅನುದಾನವೇ ಆಧಾರ. 2013ರ ಬಂದ್‌ನಲ್ಲಿ ಅದು ನಿಂತಿತ್ತು. 2025ರಲ್ಲೂ ನಿಂತಿತು. ಆದರೆ 2018–19ರ 35 ದಿನದಲ್ಲಿ ನಿಲ್ಲಲಿಲ್ಲ. ಕಾರ್ಮಿಕ ಇಲಾಖೆಯ ಅನುದಾನ ಆ ವರ್ಷ ಮೊದಲೇ ಪಾಸಾಗಿತ್ತು. ಆಂತರಿಕ ಭದ್ರತಾ ಇಲಾಖೆಗೆ ಮಾತ್ರ ದುಡ್ಡು ನಿಂತರೆ ಎಲ್‌ಸಿಎಗೆ ತೊಂದರೆ ಇಲ್ಲ ಎಂದೂ ಇದರಿಂದ ಗೊತ್ತಾಗುತ್ತದೆ.

ಹಾಗಾಗಿ ಮುಂದಿನ ಸಲ ‘ಬಂದ್‌’ ಎಂಬ ಸುದ್ದಿ ಬಂದಾಗ ಮೊದಲು ನೋಡಬೇಕಾದದ್ದು ಯಾವ ಇಲಾಖೆಗಳ ಅನುದಾನ ನಿಂತಿದೆ ಎಂಬುದನ್ನು. ಕಾರ್ಮಿಕ ಇಲಾಖೆಯೂ ಆ ಪಟ್ಟಿಯಲ್ಲಿದ್ದು, ಮಗಳು ಕೆಲಸ ಬದಲಿಸುವ ಅಥವಾ ವೀಸಾ ವಿಸ್ತರಿಸುವ ಹೊತ್ತಾಗಿದ್ದರೆ ಅವಳಿಗೆ ಫೋನ್‌ ಮಾಡಿ ಒಂದೇ ಮಾತು ಕೇಳಿ: ‘ಎಲ್‌ಸಿಎ ಕೈಗೆ ಬಂತಾ ಪುಟ್ಟಿ?’ ಬಂದಿದ್ದರೆ ಉಳಿದದ್ದು ನಡೆಯುತ್ತದೆ. ಬಂದಿಲ್ಲದಿದ್ದರೆ ಅವಳು ಅವತ್ತೇ ಕಂಪನಿಯ ವಕೀಲರ ಹತ್ತಿರ ಮಾತಾಡಲಿ.