ಪೆಟ್ಟಿಗೆಯೊಳಗಿನ ಪುಟ್ಟ ಕುದುರೆ: ಮುನ್ನೂರು ವರ್ಷದ ಹಾದಿ

ಅಮೆರಿಕದಲ್ಲಿ ಊರಿಂದೂರಿಗೆ ಸಾಗುವ ಜಾತ್ರೆಗಳಲ್ಲಿ ದಶಕಗಳಿಂದ ಕಾಣುವ ಗಾಡಿಯೊಂದಿದೆ. ಮೈತುಂಬಾ ದಪ್ಪ ಅಕ್ಷರಗಳಲ್ಲಿ 'ಜಗತ್ತಿನ ಅತಿ ಚಿಕ್ಕ ಕುದುರೆ' ಎಂಬ ಬರಹ. ಸ್ಪೀಕರಿನಲ್ಲಿ ಒಂದೇ ಟೇಪು ಮತ್ತೆ ಮತ್ತೆ ಕೂಗುತ್ತದೆ: ಕುದುರೆ ನಿಜವಾದದ್ದು, ಜೀವಂತವಾಗಿದೆ, ಬಂದು ನೋಡಿ. ಅರ್ಧ ಡಾಲರೋ ಒಂದು ಡಾಲರೋ ಕೊಟ್ಟು ಮೆಟ್ಟಿಲು ಹತ್ತಬೇಕು. ಕಟಕಟೆಯಿಂದ ಬಗ್ಗಿ ನೋಡಿದರೆ ಕೆಳಗೆ, ತಗ್ಗಿನಲ್ಲಿ, ಒಣಹುಲ್ಲಿನ ಮೇಲೆ ಪುಟಾಣಿ ಕುದುರೆ ಒಂಟಿಯಾಗಿ ನಿಂತಿರುತ್ತದೆ.

ಗುಟ್ಟು ಇರುವುದು ಆ ತಗ್ಗಿನಲ್ಲೇ. ಕುದುರೆಯ ನೆಲ ಕೆಳಗೆ, ನಾವು ನಿಂತ ಹಲಗೆ ಮೇಲೆ. ಬೆನ್ನು, ಜೂಲು, ಕಿವಿ ಕಾಣುತ್ತವೆ. ಕಾಲಿನ ಉದ್ದ ಅಂದಾಜಿಗೇ ಸಿಗುವುದಿಲ್ಲ. ಹೋಲಿಸಿ ನೋಡೋಣವೆಂದರೆ ಪಕ್ಕದಲ್ಲಿ ಇನ್ನೊಂದು ಕುದುರೆಯಿಲ್ಲ, ಮನುಷ್ಯನೂ ಇಲ್ಲ. ಹಾಗಾಗಿ ಪುಟಾಣಿ ತಳಿಯ ಸಾಮಾನ್ಯ ಎತ್ತರದ ಕುದುರೆಯೂ ಇದ್ದದ್ದಕ್ಕಿಂತ ಬಹಳ ಚಿಕ್ಕದಾಗಿ ಕಾಣುತ್ತದೆ.

ಇದು ಹೊಸ ಉಪಾಯವಲ್ಲ. 1712ರ ಸುಮಾರಿಗೆ ಲಂಡನ್ನಿನ ಚೇರಿಂಗ್ ಕ್ರಾಸ್‌ನಲ್ಲಿ ಒಂದು ಪ್ರದರ್ಶನ ನಡೆಯುತ್ತಿತ್ತು. ಮೂರಡಿ ಎತ್ತರದ ಗಂಡ, ಅಷ್ಟೇ ಪುಟ್ಟ ಹೆಂಡತಿ, ಜೊತೆಗೆ ಎರಡಡಿಗಿಂತ ತುಸು ಎತ್ತರದ ಒಂದು ಕುದುರೆ. ಆಗ ಹಂಚಿದ ಕರಪತ್ರದಲ್ಲಿ ಕುದುರೆಯ ವಯಸ್ಸು ಹನ್ನೆರಡು ದಾಟಿದೆ, ಹೇಳಿದಂತೆ ಆಟ ತೋರಿಸುತ್ತದೆ ಎಂದೆಲ್ಲ ಬರೆದಿತ್ತು. ಅದನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂಬ ಮಾತೂ ಇತ್ತು. ಕುಳ್ಳ ಮನುಷ್ಯರನ್ನೂ ಕುಳ್ಳ ಕುದುರೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಕಾಸು ಕೇಳುತ್ತಿದ್ದ ಕಾಲ ಅದು. ಮನುಷ್ಯರನ್ನು ಹಾಗೆ ತೋರಿಸುವುದು ತಪ್ಪು ಎಂಬ ತಿಳಿವು ನಿಧಾನವಾಗಿ ಬಂತು. ಕುದುರೆ ಮಾತ್ರ ಪೆಟ್ಟಿಗೆಯಲ್ಲೇ ಉಳಿಯಿತು.

ಅಷ್ಟು ಚಿಕ್ಕ ಕುದುರೆಗಳು ಆಗ ಅಪರೂಪ. ಅವು ಹೆಚ್ಚಾಗುವುದಕ್ಕೆ ಕಾರಣಗಳಲ್ಲಿ ಒಂದು ಕಲ್ಲಿದ್ದಲು ಗಣಿ. 1842ರಲ್ಲಿ ಬ್ರಿಟನ್ ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಗಣಿಯೊಳಗೆ ದುಡಿಸಬಾರದು ಎಂದು ಕಾಯ್ದೆ ಮಾಡಿತು. ತಗ್ಗು ಸುರಂಗಗಳಲ್ಲಿ ಕಲ್ಲಿದ್ದಲಿನ ಬಂಡಿ ಎಳೆಯಲು ಕುದುರೆಗಳ ಬೇಡಿಕೆ ಏರಿತು. ಶೆಟ್‌ಲ್ಯಾಂಡ್ ದ್ವೀಪಗಳ (ಸ್ಕಾಟ್ಲೆಂಡಿನ ಉತ್ತರಕ್ಕಿವೆ) ಪೋನಿಗಳು, ಅಂದರೆ ಕುಳ್ಳ ಕುದುರೆಗಳು, ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವು. 1870ರ ದಶಕದಲ್ಲಿ ಲಂಡನ್‌ಡೆರಿಯ ಮಾರ್ಕ್ವಿಸ್ ಎಂಬ ಬಿರುದಿನ ಗಣಿ ಒಡೆಯರು ತಮ್ಮ ಗಣಿಗಳಿಗೆಂದೇ ಅಲ್ಲಿ ತಳಿ ಸಾಕಣೆ ನಡೆಸಿದರು. ಅವರಿಗೆ ಬೇಕಾಗಿದ್ದದ್ದು ಆದಷ್ಟು ಕುಳ್ಳಾಗಿರುವ, ಆದಷ್ಟು ತೂಕವಿರುವ ಪ್ರಾಣಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಈ ಪೋನಿಗಳು ಹಡಗು ಹತ್ತಿ ಅಮೆರಿಕ ಸೇರಿದವು. ಇತ್ತ ಅರ್ಜೆಂಟೀನಾದಲ್ಲಿ ಫಲಾಬೆಲ್ಲಾ ಕುಟುಂಬ ತಲೆಮಾರುಗಳ ಕಾಲ ಚಿಕ್ಕದಕ್ಕೆ ಚಿಕ್ಕದನ್ನೇ ಕೂಡಿಸಿ ತನ್ನ ಹೆಸರಿನದೇ ತಳಿ ಬೆಳೆಸಿತು.

1978ರಲ್ಲಿ ಅಮೆರಿಕದ ಪುಟಾಣಿ ಕುದುರೆ ಸಂಘ ಹುಟ್ಟಿತು. ಅದು ಹಾಕಿದ ಗೆರೆ 34 ಇಂಚು, ಅಂದರೆ ಸುಮಾರು 86 ಸೆಂಟಿಮೀಟರ್. ಅಳೆಯುವ ಜಾಗವೂ ನಿಗದಿಯಾಗಿದೆ: ಬೆನ್ನಿನ ಮೇಲೆ ಜೂಲಿನ ಕೊನೆಯ ಕೂದಲು ಎಲ್ಲಿ ಮುಗಿಯುತ್ತದೋ ಅಲ್ಲಿಂದ ನೆಲಕ್ಕೆ. ಗೆರೆಯೊಳಗೆ ಬಂದರೆ ನೋಂದಣಿ, ಇಲ್ಲದಿದ್ದರೆ ಇಲ್ಲ. ಗೆರೆ ಬಿದ್ದ ಮೇಲೆ ಅದಕ್ಕಿಂತ ಎಷ್ಟು ಕೆಳಗೆ ಹೋಗಬಹುದು ಎಂಬ ಪೈಪೋಟಿ ಸಹಜವಾಗಿ ಜೋರಾಯಿತು.

ತೀರಾ ಚಿಕ್ಕ ಕುದುರೆಗಳಲ್ಲಿ ಹಲವು ಹುಟ್ಟಿನಿಂದಲೇ ಕುಬ್ಜತೆಯ ದೋಷ ಇರುವಂಥವು. 2006ರಲ್ಲಿ ಗಿನ್ನೆಸ್ ದಾಖಲೆ ಸೇರಿದ ಥಂಬಲೀನಾ ಅಂಥದ್ದೇ. ಎತ್ತರ 44.5 ಸೆಂಟಿಮೀಟರ್, ತೂಕ ಸುಮಾರು 26 ಕಿಲೋ. ಮಕ್ಕಳಿಗಾಗಿ ಹಣ ಕೂಡಿಸಲು ಅದು ಊರೂರು ಸುತ್ತಿತು, ತುಂಬಾ ಜನರ ಪ್ರೀತಿ ಗಳಿಸಿತು. 2018ರಲ್ಲಿ ಸತ್ತಿತು. ಈ ದೋಷವಿರುವ ಮರಿಯನ್ನು ಹತ್ತಿರದಿಂದ ನೋಡಿದರೆ ಮುದ್ದಿನ ಹಿಂದಿರುವ ಕಷ್ಟ ತಿಳಿಯುತ್ತದೆ. ಹಣೆ ಉಬ್ಬಿರುತ್ತದೆ, ಕಾಲು ಸೊಟ್ಟಗಿರುತ್ತವೆ. ಕೆಳದವಡೆ ಮುಂದಕ್ಕೆ ಚಾಚಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಾಳೆಯಾಗುವುದಿಲ್ಲ, ಹುಲ್ಲು ಕಚ್ಚುವುದೇ ಕಷ್ಟ. ಕೆಲವಕ್ಕೆ ಉಸಿರಾಟದ ತೊಂದರೆಯೂ ಜೊತೆಗಿರುತ್ತದೆ. ಎಸಿಎಎನ್ ಎಂಬ ಜೀನಿನಲ್ಲಿನ ಬದಲಾವಣೆಗಳು ಇದಕ್ಕೆ ಕಾರಣವೆಂದು ಕೆಂಟಕಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕಂಡುಕೊಂಡರು. ತಂದೆ ತಾಯಿ ನೋಡಲು ಚೆನ್ನಾಗಿಯೇ ಇರಬಹುದು. ಆದರೆ ತಂದೆ ತಾಯಿ ಎರಡೂ ಈ ದೋಷವನ್ನು ಹೊತ್ತಿದ್ದರೆ ಹುಟ್ಟುವ ಮರಿ ಹೀಗಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈಗ ಪರೀಕ್ಷೆ ಸಿಗುತ್ತದೆ. ಪರೀಕ್ಷೆ ಮಾಡಿಸದೆ ಕೂಡಿಸುವುದಕ್ಕೆ ಇನ್ನು ಯಾವ ಸಬೂಬೂ ಇಲ್ಲ.

ಜಾತ್ರೆಯ ಗಾಡಿಯಲ್ಲಿರುವುದೆಲ್ಲ ಇಂಥ ಕುದುರೆಯೇ ಅಲ್ಲ. ಹೆಚ್ಚಿನವು ಆರೋಗ್ಯವಾಗಿಯೇ ಇರಬಹುದು. ಮೇವು, ನೀರು, ಫ್ಯಾನು, ಡಾಕ್ಟರು ಎಲ್ಲಾ ಇದೆ ಎಂದು ಮಾಲೀಕರು ಹೇಳಿದರೆ ಅದು ನಿಜವೂ ಇರಬಹುದು. ಆದರೆ ಕುದುರೆಯ ಕಡೆಯಿಂದ ಯೋಚಿಸಿ. ಅದರ ಕಣ್ಣುಗಳು ತಲೆಯ ಎರಡು ಬದಿಗಿವೆ, ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಬೇಟೆಗೆ ಬೀಳುವ ಪ್ರಾಣಿಗೆ ಆ ನೋಟವೇ ಧೈರ್ಯ. ತಗ್ಗಿನಲ್ಲಿ ನಿಲ್ಲಿಸಿದರೆ ನಾಲ್ಕೂ ಕಡೆ ಹಲಗೆ, ಮೇಲೆ ದಿಢೀರನೆ ಮೂಡುವ ತಲೆಗಳು. ಬಯಲಿನಲ್ಲಿ ಬಿಟ್ಟರೆ ದಿನದ ಬಹುಪಾಲು ನಡೆಯುತ್ತಾ ಮೇಯುವ ಜೀವ ಅದು. ಗುಂಪಿನಲ್ಲಿದ್ದರೆ ಒಂದು ಮಲಗಿದಾಗ ಇನ್ನೊಂದು ನಿಂತು ಕಾಯುತ್ತದೆ. ಒಂಟಿ ಕುದುರೆಗೆ ಕಾವಲು ಯಾರು? ಹಾಗಂತ ತೊಟ್ಟಿ ತುಂಬಾ ಮೇವು ಸುರಿದರೂ ಆಗದು. ಪುಟಾಣಿ ಕುದುರೆಗಳಿಗೆ ಬೊಜ್ಜು ಬೇಗ ಬರುತ್ತದೆ, ಅದರ ಹಿಂದೆಯೇ ಗೊರಸಿನ ಬೇನೆ.

ಕಾನೂನು ಇದನ್ನೆಲ್ಲ ಕೇಳುತ್ತದೆಯೇ? ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆ 1966ರದು. 1970ರಲ್ಲಿ ಪ್ರದರ್ಶನದ ಪ್ರಾಣಿಗಳೂ ಅದರೊಳಗೆ ಬಂದವು. ಆದರೆ ಸಂಶೋಧನೆಗೆ ಬಳಸದ ಕುದುರೆಗಳನ್ನು 'ಪ್ರಾಣಿ' ಎಂಬ ವ್ಯಾಖ್ಯೆಯಿಂದಲೇ ಹೊರಗಿಡಲಾಗಿದೆ. ಜಾತ್ರೆಯಲ್ಲಿ ಹುಲಿ ತೋರಿಸಲು ಕೇಂದ್ರದ ಲೈಸೆನ್ಸ್ ಬೇಕು, ಈ ಕುದುರೆಗೆ ಬೇಡ. ಉಳಿಯುವುದು ರಾಜ್ಯಗಳ ಹಿಂಸೆ ತಡೆ ಕಾನೂನು. ಹೊಡೆದರೆ, ಉಪವಾಸ ಕೆಡವಿದರೆ ಅದು ಹಿಡಿಯುತ್ತದೆ. ದಿನವಿಡೀ ಸುಮ್ನೆ ಒಂಟಿಯಾಗಿ ನಿಲ್ಲಿಸಿದರೆ ಹಿಡಿಯುವುದು ಕಷ್ಟ. ರಾಜ್ಯದ ಗಡಿ ದಾಟುವಾಗ ಕಾಗಿನ್ಸ್ ಪರೀಕ್ಷೆಯ ಚೀಟಿ ಕೇಳುತ್ತಾರೆ ನಿಜ. ಅದು ರಕ್ತಹೀನತೆಯ ಅಂಟುರೋಗವನ್ನು ಬೇರೆ ಕುದುರೆಗಳಿಗೆ ಹಬ್ಬಿಸದಿರಲು, ಈ ಕುದುರೆಯ ಸುಖದುಃಖ ವಿಚಾರಿಸಲು ಅಲ್ಲ.

ಇಂಗ್ಲೆಂಡ್ ಬೇರೆ ದಾರಿ ಹಿಡಿದಿದೆ. 2018ರ ನಿಯಮಗಳ ಪ್ರಕಾರ ಪ್ರದರ್ಶನಕ್ಕೆ ಪ್ರಾಣಿ ಸಾಕುವವರು ಸ್ಥಳೀಯ ಆಡಳಿತದಿಂದ ಲೈಸೆನ್ಸ್ ಪಡೆಯಬೇಕು. ಗುಂಪಿನಲ್ಲಿ ಬಾಳುವ ಪ್ರಾಣಿಯನ್ನು ಬೇರ್ಪಡಿಸಿದರೆ ಅದಕ್ಕೋ ಉಳಿದವಕ್ಕೋ ಒತ್ತಡ, ಭಯ ಆಗುತ್ತದೆ ಎಂದಾದರೆ ಅದನ್ನು ಪ್ರದರ್ಶನಕ್ಕೆ ಇಡುವಂತಿಲ್ಲ. ನನಗೆ ಇದು ಸರಿಯಾದ ಜಾಗದಲ್ಲಿ ಕೈಯಿಟ್ಟ ನಿಯಮ ಅನ್ನಿಸುತ್ತದೆ.

ಅದೇ ಅಮೆರಿಕದಲ್ಲಿ 2011ರಿಂದ ಜಾರಿಯಲ್ಲಿರುವ ಅಂಗವಿಕಲರ ಹಕ್ಕಿನ ನಿಯಮಗಳು ಸಹಾಯಕ ಪ್ರಾಣಿ ಎಂದರೆ ನಾಯಿ ಎಂದೇ ಹೇಳಿದರೂ, ತರಬೇತಿ ಪಡೆದ ಪುಟಾಣಿ ಕುದುರೆಗೂ ಸಾಧ್ಯವಿರುವ ಕಡೆ ಅವಕಾಶ ಕೊಡಬೇಕು ಎನ್ನುತ್ತವೆ. ಕಣ್ಣು ಕಾಣದವರ ಪಕ್ಕದಲ್ಲಿ ಅದು ರಸ್ತೆ ದಾಟಿಸುತ್ತದೆ, ಅಂಗಡಿಯೊಳಗೂ ಹೋಗುತ್ತದೆ. ಇಷ್ಟು ಕಲಿಯುವ ಜೀವವನ್ನು ತೋರಿಸಲೇಬೇಕು ಎಂದಾದರೆ ತೋರಿಸಲಿ. ನೆಲ ನಮ್ಮ ನೆಲದ ಮಟ್ಟಕ್ಕೆ ಬರಲಿ. ಜೊತೆಗೆ ಇನ್ನೊಂದು ಕುದುರೆ ಇರಲಿ, ಬೇಡವೆನಿಸಿದಾಗ ಮರೆಯಾಗಲು ಒಂದು ಮೂಲೆ ಇರಲಿ, ಆ ಟೇಪು ನಿಲ್ಲಲಿ. ಇಷ್ಟು ಮಾಡಿದರೆ ಕುದುರೆ ಬೋರ್ಡಿನಲ್ಲಿ ಬರೆದಷ್ಟು ಚಿಕ್ಕದಾಗಿ ಕಾಣಲಿಕ್ಕಿಲ್ಲ. ಗಾಡಿಯವರು ಒಪ್ಪಲು ಹಿಂಜರಿಯುವುದು ಅದಕ್ಕೇ. ಜಾತ್ರೆ ನಡೆಸುವ ಸಮಿತಿಗಳು ಜಾಗ ಕೊಡುವ ಮುಂಚೆ ಈ ಷರತ್ತು ಹಾಕಬಹುದು, ಹೊಸ ಕಾಯ್ದೆಗೆ ಕಾಯಬೇಕಿಲ್ಲ.